ಮೊಟ್ಟೆಗೊಂದು ಕಿಟಕಿ

ಚನ್ನರಾಯಪಟ್ಟಣ ದಾಟಿ ಬಸ್ಸು ಹಾಸನದ ದಾರಿ ಹಿಡಿಯುತ್ತಿದ್ದ ಹಾಗೆ ಸಂಪತ್ಕುಮಾರನಿಗೆ ನಗು ಬರತೊಡಗಿತು. ತಡೆದುಕೊಂಡ. ತೊಡೆಯ ಮೇಲೆ ಒಂದರ ಮೇಲೊಂದು ಎರಡು ಟ್ರೇ ಮೊಟ್ಟೆ. ತನ್ನ ಮೈ ಕುಲುಕಿದರೆ ಅವೂ ಕುಲುಕುತ್ತವೆ, ಅವು ಕುಲುಕಿದರೆ ಒಳಗಿರುವವರಿಗೆ ತೊಂದರೆ. ಒಳಗಿರುವವರು! ಹೀಗೆ ಮರ್ಯಾದೆ ಕೊಟ್ಟು ಯೋಚಿಸಿದ್ದಕ್ಕೆ ನಗು ಇನ್ನಷ್ಟು ಒತ್ತಿಕೊಂಡು ಬಂತು. ಟ್ರೇಯ ಮೇಲೆ ಅಮ್ಮನ ಹಳೆಯ ಸೀರೆಯ ತುಂಡು ಹೊದಿಸಿದ್ದ. ಆದರೂ ಅಂಚಿನಲ್ಲಿ ನಾಲ್ಕಾರು ಬೋಳುತಲೆಗಳು ಇಣುಕುತ್ತಲೇ ಇದ್ದವು. ಕೆಳಗೆ ಮೊಟ್ಟೆ, ಮೇಲೆ ಹಣೆಯಲ್ಲಿ ಕೆಂಪಗೆ ಒಂದೆಳೆ ನಾಮ. ಪಕ್ಕದಲ್ಲಿ ಕೂತಿದ್ದ ತೆಂಗಿನಕಾಯಿ ಮೂಟೆಯ ಯಜಮಾನ ಒಮ್ಮೆ ಮೇಲೆ ಒಮ್ಮೆ ಕೆಳಗೆ ನೋಡಿ ನೋಡಿ, ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ. "ಏನ್ ಸಾ, ಮೊಟ್ಟೆ ಯಾಪಾರಾನಾ?" ಅಲ್ಲ, ಕಾಲೇಜಿಗೆ, ಎಂದ ಸಂಪತ್ಕುಮಾರ. "ಈಗ ಕಾಲೇಜಲ್ಲೂ ಮೊಟ್ಟೆ ಕೊಡ್ತರಾ ಉಡುಗ್ರಿಗೆ?" ಇಲ್ಲಪ್ಪ, ಸಂಶೋಧನೆಗೆ. "ಮೊಟ್ಟೆ ಒಳಗೆ ಏನೈತೆ ಸಾ ಸಂಸೋದ್ನೆ ಮಾಡಾಕೆ? ಬೆಳ್ಳಗಿರಾದು ಒಂದಷ್ಟು, ಅಳ್ದಿ ಒಂದಷ್ಟು" ಎಂದು ಆತ ಪ್ರಶ್ನೆಯನ್ನೂ ತಾನೇ ಕೇಳಿ ಉತ್ತರವನ್ನೂ ತಾನೇ ಕೊಟ್ಟು ಕಿಟಕಿಯ ಕಡೆ ತಿರುಗಿದ. ಇನ್ನೊಂದು ದಿನವಾಗಿದ್ದರೆ ಇಂಥ ಮಾತಿಗೆ ಸಂಪತ್ಕುಮಾರನ ಕಿವಿ ಬಿಸಿಯಾಗಿ, ಹಾಸನ ಬರುವವರೆಗೂ ತಲೆ ತಗ್ಗಿಸಿ ಕೂತಿರುತ್ತಿದ್ದ. ಇವತ್ತು ಹಾಗಾಗಲಿಲ್ಲ. ಇವತ್ತು ಕಂಡಕ್ಟರ್ ಮೊಟ್ಟೆಗೆ ಲಗೇಜ್ ಚಾರ್ಜು ಹಾಕಿದಾಗಲೂ ಅವನು ಥ್ಯಾಂಕ್ಸ್ ಹೇಳಿದ್ದ.

ಒಳಗೆ ಏನಿದೆ ಅಂತ ಈ ಮಹಾರಾಯನಿಗೆ ಹೇಗೆ ಹೇಳುವುದು? ಹುಂಜದ ಜೊತೆ ಬಿಟ್ಟ ಕೋಳಿಯ ಮೊಟ್ಟೆಯನ್ನು ಕೆಲವು ದಿನ ಕಾವಿನಲ್ಲಿಟ್ಟು, ಚಿಪ್ಪಿನಲ್ಲಿ ಎಂಟಾಣೆಯಗಲದ ಒಂದು ಕಿಟಕಿ ಕೊರೆದು ನೋಡಿದರೆ ಅಲ್ಲಿ ಬಿಳಿಯೂ ಇರುವುದಿಲ್ಲ, ಹಳದಿಯೂ ಇರುವುದಿಲ್ಲ. ತೆಳ್ಳನೆಯ ಪೊರೆಯೊಂದರ ಮೇಲೆ ಕೆಂಪು ನಾಳಗಳು ಕವಲೊಡೆದು, ಕವಲಿಗೆ ಕವಲೊಡೆದು, ಎಲ್ಲಿಗೋ ಅವಸರದಲ್ಲಿ ಹೊರಟಿರುತ್ತವೆ. ಮಧ್ಯದಲ್ಲಿ ಸಾಸಿವೆಯಷ್ಟು ದೊಡ್ಡದೊಂದು ಹೃದಯ ಹೊಡೆದುಕೊಳ್ಳುತ್ತಿರುತ್ತದೆ. ಮೊದಲ ಸಲ ನೋಡಿದಾಗ ಸಂಪತ್ಕುಮಾರನಿಗೆ ತಲೆ ಗಿರ್ರೆಂದು ಸ್ಟೂಲು ಹಿಡಿದುಕೊಂಡಿದ್ದ. ಸಸ್ಯಶಾಸ್ತ್ರದ ಲೆಕ್ಚರರು ಅವನು, ಎಲೆಯ ನರಗಳನ್ನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದವನು; ಹರಿಯುವ ನರಗಳನ್ನು ಕಂಡಿದ್ದು ಅದೇ ಮೊದಲು. ಆ ಪೊರೆಯ ಮೇಲೆ ಗಿಡದ ರಸ ನೆನೆಸಿದ ಒಂದು ಚೂರು ಕಾಗದದ ಬಿಲ್ಲೆ ಇಟ್ಟು, ಕಿಟಕಿಗೆ ಟೇಪು ಅಂಟಿಸಿ, ಮತ್ತೆ ಕಾವಿಗಿಡಬೇಕು. ಎರಡು ದಿನ ಬಿಟ್ಟು ನೋಡಿದಾಗ ಬಿಲ್ಲೆಯ ಸುತ್ತ ನಾಳಗಳು ಬೆಳೆಯದೆ ನಿಂತಿದ್ದರೆ ಆ ರಸಕ್ಕೆ ರಕ್ತನಾಳದ ಬೆಳವಣಿಗೆಯನ್ನು ತಡೆಯುವ ಗುಣವಿದೆ ಎಂದರ್ಥ. ಕ್ಯಾನ್ಸರಿನ ಗಡ್ಡೆ ಬೆಳೆಯುವುದೇ ಹೊಸ ರಕ್ತನಾಳಗಳನ್ನು ತನ್ನ ಕಡೆ ಎಳೆದುಕೊಂಡು. ನಾಳ ನಿಂತರೆ ಗಡ್ಡೆಗೆ ಊಟ ನಿಂತ ಹಾಗೆ. ಹಳೇಕೋಟೆಯ ಬೇಲಿ ಬದಿಯಿಂದ ಕಿತ್ತು ತಂದ ತುಂಬೆ ಗಿಡದ ರಸಕ್ಕೆ ಆ ಗುಣವಿದೆ ಎಂದು ಸಂಪತ್ಕುಮಾರ ಒಂದು ವರ್ಷದಿಂದ ತೋರಿಸುತ್ತ ಬಂದಿದ್ದ. ಪ್ರತಿ ಸಲವೂ ನಾಳಗಳು ನಿಂತಿದ್ದವು. ಒಂದು ಸಲವೂ ತಪ್ಪಿರಲಿಲ್ಲ. ಇವತ್ತು ಮಧ್ಯಾಹ್ನ ಮೈಸೂರಿನಿಂದ ಗೈಡು ಬಂದು ಕಣ್ಣಾರೆ ನೋಡಿದರೆ ದೆಹಲಿಯ ಸಮ್ಮೇಳನದಲ್ಲಿ ಪೇಪರು, ಅದರ ಹಿಂದೆ ಥೀಸಿಸ್ಸು, ಅದರ ಹಿಂದೆ ಹೆಸರಿನ ಮುಂದೆ ಡಾಕ್ಟರು. ಡಾ. ಸಂಪತ್ಕುಮಾರ ಎಂದು ಮನಸ್ಸಿನಲ್ಲೇ ಹೇಳಿಕೊಂಡ, ಮೊಟ್ಟೆಗಳ ಕಡೆ ನೋಡಿ ಸುಮ್ಮನಾದ.

ಬೆಳಿಗ್ಗೆ ನುಗ್ಗೇಹಳ್ಳಿಯಲ್ಲಿ ಪಾಲಾಕ್ಷ ಈ ಮೊಟ್ಟೆಗಳನ್ನು ಒಂದೊಂದಾಗಿ ಆರಿಸಿ ಕೊಟ್ಟಿದ್ದ. ಪಾಲಾಕ್ಷನ ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ವಿಭೂತಿ. ಕೋಳಿ ಸಾಕುತ್ತಾನೆ, ತಿನ್ನುವುದಿಲ್ಲ. ಮೊಟ್ಟೆ ಮಾರುವವನೂ ತಿನ್ನದವನು, ಕೊಳ್ಳುವವನೂ ತಿನ್ನದವನು. ಮಧ್ಯದಲ್ಲಿ ಮೊಟ್ಟೆಯನ್ನು ಇಬ್ಬರೂ ಸಂಕೋಚದಿಂದ, ಪರರ ಮಗುವನ್ನು ಎತ್ತಿಕೊಂಡ ಹಾಗೆ, ಹಿಡಿದುಕೊಂಡಿದ್ದರು. "ನಮ್ಮ ಶಿವನ ಊವು ಅಲ್ವಾ ಸಾ ತುಂಬೆ? ನೀವು ನಾಮದೋರು ಅದ್ರಲ್ಲಿ ಔಸ್ದಿ ಕಂಡಿಡೀತಿದೀರಿ ಅಂದ್ರೆ ನನ್ಗೆ ಒಂಥರಾ ಖುಷಿ ಕಣ್ ಸಾ" ಎಂದಿದ್ದ. ಒಳಗಿನಿಂದ ಅವನ ಹೆಂಡತಿ ದಾಕ್ಷಾಯಣಮ್ಮ, "ಆ ಮರಿಗೋಳು ಬದುಕ್ತವಾ ಸಾಮಿ, ನೀವು ಕಿಟ್ಕಿ ಕೊರುದ್ ಮ್ಯಾಲೆ?" ಎಂದು ಕೇಳಿದ್ದಳು. ಸಂಪತ್ಕುಮಾರ ಅದಕ್ಕೆ ಏನೋ ಗೊಣಗಿ ಟ್ರೇ ಎತ್ತಿಕೊಂಡಿದ್ದ. ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ನರಸಿಂಹನ ಗುಡಿ. ಮನೆದೇವರಂಥ ದೇವರು, ಎದುರಿಗೇ ಹಾದುಹೋಗುವಾಗ ಕೈಮುಗಿಯಬೇಕೆಂದರೆ ಎರಡು ಕೈಯಲ್ಲೂ ಮೊಟ್ಟೆ. ತಲೆಯನ್ನಷ್ಟೇ ಬಗ್ಗಿಸಿದ. ಗುಡಿಯ ಗೋಡೆಯ ಮೇಲೆ ಸಾಲಾಗಿ ಕೆತ್ತಿದ ದೇವರುಗಳೆಲ್ಲ ಮೊಟ್ಟೆಗಳನ್ನು ಎಣಿಸುತ್ತಿದ್ದಾರೆ ಅನ್ನಿಸಿತು. ಹಾಗನ್ನಿಸಿದ್ದಕ್ಕೂ ಈಗ ನಗು ಬರುತ್ತಿತ್ತು.

ಬದುಕುವುದಿಲ್ಲ, ದಾಕ್ಷಾಯಣಮ್ಮ. ಒಂದೂ ಬದುಕುವುದಿಲ್ಲ. ಈ ಉತ್ತರವನ್ನು ಯಾರಿಗೂ ಹೇಳಲಾರದೆ ಅವನು ಶುರುವಿನ ತಿಂಗಳುಗಳಲ್ಲಿ ರಾತ್ರಿ ಊಟ ಬಿಟ್ಟಿದ್ದ. ಮನೆಯಲ್ಲಿ ಮೊಟ್ಟೆ ಎಂಬ ಪದವನ್ನೇ ಎತ್ತುವ ಹಾಗಿರಲಿಲ್ಲ. ಅಮ್ಮ ಅಂಬುಜಮ್ಮನಿಗೆ ಮಗ ಗಿಡಗಳ ಮೇಲೆ ಓದುತ್ತಿದ್ದಾನೆ ಎಂದಷ್ಟೇ ಗೊತ್ತು. ದಿನಾ ಬೆಳಿಗ್ಗೆ ಪೆರುಮಾಳಿಗೆ ಆರಾಧನೆ ಮಾಡುವ ಕೈ, ಹತ್ತು ಗಂಟೆಯ ಮೇಲೆ ಚಿಪ್ಪು ಕೊರೆಯುವ ಕೈ, ಎರಡೂ ಒಂದೇ ಕೈ. ಇದಕ್ಕೇನು ಮಾಡುವುದೆಂದು ಒದ್ದಾಡುತ್ತಿದ್ದಾಗ ಒಂದು ದಿನ ಉಪಾಯ ತಾನಾಗಿ ಹೊಳೆಯಿತು. ಸಾಯುವವರ ಬಾಯಿಗೆ ತೀರ್ಥ ಬಿಡುವುದಿಲ್ಲವೇ? ಕಣ್ಣಿನ ಡ್ರಾಪ್ಸಿನ ಖಾಲಿ ಶೀಸೆಯೊಂದನ್ನು ತೊಳೆದು, ಆರಾಧನೆ ಮುಗಿದ ಮೇಲೆ ಅಮ್ಮನ ಕಣ್ಣು ತಪ್ಪಿಸಿ ಅದರಲ್ಲಿ ತೀರ್ಥ ತುಂಬಿಕೊಂಡು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಕಿಟಕಿ ಕೊರೆದು, ತುಂಬೆಯ ಬಿಲ್ಲೆ ಇಟ್ಟು, ಟೇಪು ಅಂಟಿಸುವ ಮುಂಚೆ, ಒಂದು ಹನಿ. ಒಂದು ಹನಿ ಬಿಟ್ಟು ಮನಸ್ಸಿನಲ್ಲೇ ನಾರಾಯಣ ಅಂದರೆ ಎದೆಯ ಮೇಲಿನ ಕಲ್ಲು ಇಳಿದ ಹಾಗೆ. ಹೋಲಿಸಿ ನೋಡಲೆಂದು ಬರೀ ಉಪ್ಪುನೀರಿನ ಬಿಲ್ಲೆ ಇಟ್ಟ ಕಂಟ್ರೋಲ್ ಮೊಟ್ಟೆಗಳಿಗೆ ಮಾತ್ರ ಹಾಕುತ್ತಿರಲಿಲ್ಲ. ಅವುಗಳಿಗೆ ನಾನು ಏನೂ ಅಪಚಾರ ಮಾಡಿಲ್ಲವಲ್ಲ, ಉಪ್ಪುನೀರು ಯಾರನ್ನೂ ಕೊಲ್ಲುವುದಿಲ್ಲ. ಆಮೇಲೆ ಅವನ್ನೂ ಅಟೆಂಡರ್ ಪಾಪಯ್ಯ ಫ್ರೀಜರಿಗೆ ಹಾಕುತ್ತಾನೆ ನಿಜ, ಆದರೆ ಅದು ಪಾಪಯ್ಯನ ಖಾತೆಗೆ. ಪಾಪದ ಈ ಹಂಚಿಕೆಯಲ್ಲಿ ಸಂಪತ್ಕುಮಾರನಿಗೆ ಯಾವ ಅನುಮಾನವೂ ಇರಲಿಲ್ಲ. ಇವತ್ತು ಗೈಡು ನೋಡಲಿರುವ ಮೊಟ್ಟೆಗಳಿಗಂತೂ ಮೂರು ದಿನದ ಹಿಂದೆ ಎರಡೆರಡು ಹನಿ ಹಾಕಿದ್ದ. ಮರುದಿನ ಅಪ್ಪನ ತಿಥಿ, ಸಂಜೆ ಅಮ್ಮನನ್ನು ಕರೆದುಕೊಂಡು ಹೊಳೆನರಸೀಪುರದ ಅಣ್ಣನ ಮನೆಗೆ ಹೋಗಬೇಕು. ತಿಥಿಯ ಹಿಂದಿನ ದಿನ ಮೊಟ್ಟೆ ಮುಟ್ಟುವುದೆಂದರೆ! ಅರ್ಧ ಮೊಟ್ಟೆಗಳನ್ನು ಮುಗಿಸಿ, ಇನ್ನು ಕೈ ಓಡದೆ, ಉಳಿದರ್ಧವನ್ನು ನಾಳೆ ನೀನೇ ಮಾಡಿಬಿಡಮ್ಮ ಎಂದು ಲ್ಯಾಬಿನ ಹುಡುಗಿ ಮಾನಸಾಗೆ ಒಪ್ಪಿಸಿ ಬಸ್ಸು ಹತ್ತಿದ್ದ.

ಹಾಸನದಲ್ಲಿ ಆಟೋದವನು "ಆಮ್ಲೆಟ್ ಗಾಡಿ ಇಡ್ತಿದೀರಾ ಸಾ?" ಎಂದ. ಸಂಪತ್ಕುಮಾರ ಮನಸಾರೆ ನಕ್ಕ. ಆಟೋದವನಿಗೇ ಗಾಬರಿಯಾಯಿತು.

ಕಾಲೇಜಿನ ಹಿಂಬದಿಯ ಲ್ಯಾಬಿನಲ್ಲಿ ಆತ್ರೇಯ ಆಗಲೇ ಬಂದು ಕೂತಿದ್ದ. ಗೈಡ್ ಆತ್ರೇಯ, ಪ್ರೊಫೆಸರ್ ಆತ್ರೇಯ; ಹೊಳೆನರಸೀಪುರದಲ್ಲಿ ಒಂದೇ ಬೀದಿಯವನು, ಸಂಪತ್ಕುಮಾರನಿಗಿಂತ ಆರೇಳು ವರ್ಷ ಚಿಕ್ಕವನು, ಮೂಗು ಸೋರಿಸಿಕೊಂಡು ಸಂಪತ್ತಣ್ಣಾ ಎಂದು ಹಿಂದೆ ಹಿಂದೆ ಓಡಿಬರುತ್ತಿದ್ದವನು, ಶನಿವಾರ ಶನಿವಾರ ಅಂಬುಜಮ್ಮನ ಪುಳಿಯೋಗರೆಗೆ ಕೈಯೊಡ್ಡುತ್ತಿದ್ದವನು. ಈಗ ಇವನು ಅವನಿಗೆ ಸರ್ ಎನ್ನಬೇಕು, ಅವನು ಇವನಿಗೆ ಬರೀ ಸಂಪತ್ ಎನ್ನುತ್ತಾನೆ. ಆ ಅಣ್ಣ ಎಂಬ ಎರಡಕ್ಷರ ಯಾವ ವರ್ಷ, ಯಾವ ಬಸ್ ಸ್ಟಾಪಿನಲ್ಲಿ ಇಳಿದುಹೋಯಿತೋ ಎಂದು ಸಂಪತ್ಕುಮಾರ ಎಷ್ಟೋ ಸಲ ಯೋಚಿಸಿ ಮುಖ ಸಣ್ಣದು ಮಾಡಿಕೊಂಡದ್ದುಂಟು. ಇವತ್ತು ಅದೂ ತಟ್ಟಲಿಲ್ಲ. "ಬನ್ನಿ ಸರ್, ಬನ್ನಿ ಸರ್" ಎಂದು ಎರಡು ಸಲ ಹೇಳಿದ. ಆತ್ರೇಯ ಬಂದು ಅರ್ಧ ಗಂಟೆಯಾಗಿತ್ತು. ಮಾನಸಾ ಕಾವುಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದಳು. ಅರಕಲಗೂಡಿನ ಹುಡುಗಿ, ಎಂಎಸ್ಸಿ ಮುಗಿಸಿ ಈ ಪ್ರಾಜೆಕ್ಟಿಗೆ ಸೇರಿದವಳು. ಮಾತು ಕಮ್ಮಿ, ಕೈ ಬಹಳ ಚೊಕ್ಕ. ಅವಳು ಕೊರೆದ ಕಿಟಕಿಯ ಅಂಚು ಕಾಂಪಾಸಿನಲ್ಲಿ ಎಳೆದಂತಿರುತ್ತಿತ್ತು. ಪೇಪರಿನಲ್ಲಿ ಅವಳ ಹೆಸರೂ ಇರುತ್ತದೆ ಎಂದು ಆತ್ರೇಯ ಹೇಳಿದ ದಿನ ಊರಿಗೆ ಫೋನ್ ಮಾಡಿ ಅಪ್ಪನಿಗೆ ತಿಳಿಸಿದ್ದಳು; ಬೆಲ್ಲದ ಅಂಗಡಿಯ ಆ ಅಪ್ಪ ಅಚ್ಚುಬೆಲ್ಲದ ಒಂದು ಪೆಟ್ಟಿಗೆಯನ್ನೇ ಲ್ಯಾಬಿಗೆ ಕಳಿಸಿದ್ದ.

ಮೊದಲು ಸಂಪತ್ಕುಮಾರ ಕೈಯಾರೆ ಮಾಡಿದ ಮೊಟ್ಟೆಗಳು. ಟೇಬಲ್ ಲ್ಯಾಂಪಿನ ಕೆಳಗೆ ಆತ್ರೇಯ ಟೇಪು ಕಿತ್ತು, ಮಸೂರ ಹಿಡಿದು ಬಗ್ಗಿದ. ಬಿಲ್ಲೆಯ ಸುತ್ತ ಪೊರೆ ಬೆಳ್ಳಗೆ, ಖಾಲಿ ಖಾಲಿ. ನಾಳಗಳು ಹತ್ತಿರ ಬಂದು, ಏನೋ ನೆನಪಾದಂತೆ ಹಿಂದಕ್ಕೆ ತಿರುಗಿದ್ದವು. "ಬ್ಯೂಟಿಫುಲ್" ಎಂದ ಆತ್ರೇಯ. ಎರಡನೆಯದಕ್ಕೂ ಬ್ಯೂಟಿಫುಲ್, ಮೂರನೆಯದಕ್ಕೂ. ಸಂಪತ್ಕುಮಾರನ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ದೆಹಲಿಗೆ ಹೋಗುವ ರೈಲಿನಲ್ಲಿ ಅಮ್ಮನನ್ನೂ ಕರೆದುಕೊಂಡು ಹೋಗುವುದೇ, ಬಿಡುವುದೇ? ಡಾಕ್ಟರೇಟು ಆದ ಮೇಲೆ ಮದುವೆ ಎಂದು ಮುಂದಕ್ಕೆ ಹಾಕುತ್ತ ಬಂದ ಮದುವೆಯನ್ನು ಈ ನಲವತ್ತೆರಡನೇ ವಯಸ್ಸಿನಲ್ಲಿ ಇನ್ನೂ ಮುಂದಕ್ಕೆ ಹಾಕಲು ಹೊಸ ನೆಪ ಹುಡುಕಬೇಕಲ್ಲ? ಹೀಗೆಲ್ಲ ತೇಲುತ್ತಿದ್ದವನಿಗೆ ಲ್ಯಾಬಿನಲ್ಲಿ ಸದ್ದಡಗಿದ್ದು ತಡವಾಗಿ ಗೊತ್ತಾಯಿತು. ಆತ್ರೇಯ ಈಗ ಮಾನಸಾ ಮಾಡಿದ ಮೊಟ್ಟೆಯೊಂದರ ಮೇಲೆ ಬಗ್ಗಿದ್ದ. ಇನ್ನೊಂದನ್ನು ತೆಗೆದ. ಮತ್ತೊಂದನ್ನು ತೆಗೆದ. ಬ್ಯೂಟಿಫುಲ್ ಬರಲಿಲ್ಲ. ಸಂಪತ್ಕುಮಾರ ಹೋಗಿ ಬಗ್ಗಿ ನೋಡಿದ. ಕಿಟಕಿಯೊಳಗೆ ಕೆಂಪೋ ಕೆಂಪು. ನಾಳಗಳು ಬಿಲ್ಲೆಯ ಕೆಳಗೆ ನುಗ್ಗಿ, ಮೇಲೆ ಹತ್ತಿ, ತುಂಬೆಯ ರಸವೇ ಆಹಾರವೋ ಎಂಬಂತೆ ದಾಂಗುಡಿಯಿಟ್ಟಿದ್ದವು. ಹೃದಯ ಟಕ್ ಟಕ್ ಎನ್ನುತ್ತಿತ್ತು, ಕರೀ ಚುಕ್ಕೆಯಂಥ ಒಂದು ಕಣ್ಣು ಮೂಡಿತ್ತು. ಎಂಥ ಚೆಲುವು ಅಂದರೆ, ಥೀಸಿಸ್ಸು ಕೈಬಿಟ್ಟು ಹೋಗುತ್ತಿದೆ ಎಂದು ಗೊತ್ತಾಗುವ ಮುಂಚೆಯೇ ಅವನ ಬಾಯಲ್ಲಿ ಅಬ್ಬಾ ಎಂದು ಬಂದುಬಿಟ್ಟಿತು.

"ಏನಮ್ಮ ಇದು?" ಆತ್ರೇಯ ಮಾನಸಾ ಕಡೆ ತಿರುಗಿದ. "ಬಿಲ್ಲೆಗೆ ರಸ ಹಾಕಿದ್ಯೋ ಇಲ್ವೋ?"

"ಹಾಕಿದೀನಿ ಸರ್. ಅದೇ ಬಾಟಲಿಂದ."

"ಒಣಗಿಸಿ ಇಟ್ಯಾ? ಇಲ್ಲ ಹಸೀದೇ ಇಟ್ಟು ಎಲ್ಲಾ ಕೆಳಗೆ ಹರಿದು ಹೋಯ್ತಾ?"

"ಒಣಗಿಸೇ ಇಟ್ಟೆ ಸರ್. ಸಂಪತ್ ಸರ್ ಹೇಳಿಕೊಟ್ಟ ಹಾಗೇ ಮಾಡಿದೀನಿ, ಒಂದೂ ಬಿಟ್ಟಿಲ್ಲ."

"ಹಾಗೇ ಮಾಡಿದ್ರೆ ಹೀಗೆ ಯಾಕಾಗತ್ತೆ? ಮೊಟ್ಟೆ ಒಂದೇ, ರಸ ಒಂದೇ, ಪೆಟ್ಟಿಗೆ ಒಂದೇ. ಬೇರೆ ಆಗಿರೋದು ಕೈ ಒಂದೇ ತಾನೆ?" ಆತ್ರೇಯ ಮಸೂರವನ್ನು ಮೇಜಿನ ಮೇಲಿಟ್ಟ. "ನೋಡು ಸಂಪತ್, ಈ ಅರ್ಧ ಬಿಟ್ಟುಬಿಡೋಣ. ಕೈ ಪಳಗಿಲ್ಲ. ನಿನ್ನ ಮೊಟ್ಟೆಗಳದ್ದಷ್ಟೇ ಫೋಟೋ ತೆಗೆಸು, ನಾನು ದೆಹಲಿಗೆ ಕಳಿಸ್ತೀನಿ. ಪೇಪರಿಂದ ಇವಳ ಹೆಸರು ತೆಗೆದುಬಿಡು. ಮುಂದಿನ ತಿಂಗಳಿಂದ ಬೇರೆ ಯಾರನ್ನಾದ್ರೂ ನೋಡೋಣ."

ಮಾನಸಾ ತನ್ನ ಎರಡು ಕೈಗಳನ್ನೂ ಒಮ್ಮೆ ತಿರುಗಿಸಿ ನೋಡಿಕೊಂಡಳು, ಅಷ್ಟೇ. ಸಂಪತ್ಕುಮಾರನಿಗೆ ಒಂದು ಕ್ಷಣ ಹಾಯೆನಿಸಿತು. ಹೌದು, ಹಾಯೆನಿಸಿತು, ಕಷ್ಟ ಬಂದ ಹಾಗೆಯೇ ಬಗೆಹರಿದುಹೋಯಿತಲ್ಲ, ಪಾಪ ಹುಡುಗಿ, ಆಮೇಲೆ ಸಮಾಧಾನ ಮಾಡಿದರಾಯಿತು, ಎಲ್ಲಾದರೂ ಇನ್ನೊಂದು ಕೆಲಸ ಕೊಡಿಸಿದರಾಯಿತು. ಕೈ ಮಾತ್ರ ಬೇರೆ ಎಂದನಲ್ಲ ಆತ್ರೇಯ, ಸರಿಯಾಗಿಯೇ ಹೇಳಿದ, ಅವಳ ಕೈಗೂ ನನ್ನ ಕೈಗೂ ಏನು ವ್ಯತ್ಯಾಸ? ಅವಳೂ ಕಿಟಕಿ ಕೊರೆಯುತ್ತಾಳೆ, ನಾನೂ ಕೊರೆಯುತ್ತೇನೆ, ಅವಳೇ ನನಗಿಂತ ಚೆನ್ನಾಗಿ. ಅವಳೂ ಬಿಲ್ಲೆ ಇಡುತ್ತಾಳೆ, ನಾನೂ ಇಡುತ್ತೇನೆ. ಆಮೇಲೆ ಅವಳು ಟೇಪು ಅಂಟಿಸುತ್ತಾಳೆ. ನಾನು ಟೇಪು ಅಂಟಿಸುವ ಮುಂಚೆ... ಬಲಗೈ ತನಗೆ ತಾನೇ ಜೇಬಿನ ಮೇಲೆ ಹೋಗಿತ್ತು. ಬಟ್ಟೆಯ ಕೆಳಗೆ ಆ ಪುಟ್ಟ ಶೀಸೆ ತೊಡೆಗೆ ಒತ್ತುತ್ತಿತ್ತು. ಒಂದು ವರ್ಷ ಅವನು ಬಳಸಿದ ಪ್ರತಿಯೊಂದನ್ನೂ, ಉಪ್ಪುನೀರಿನ ಉಪ್ಪು ಎಷ್ಟೆಂಬುದನ್ನೂ, ಬಿಲ್ಲೆಯ ಕಾಗದ ಯಾವುದೆಂಬುದನ್ನೂ ಬರೆದಿಟ್ಟಿದ್ದ. ತೀರ್ಥವನ್ನು ಬರೆದಿರಲಿಲ್ಲ. ಮುಚ್ಚಿಟ್ಟಿದ್ದಲ್ಲ; ಅದು ಅವನ ಲೆಕ್ಕದಲ್ಲಿ ಒಂದು ವಸ್ತುವೇ ಆಗಿರಲಿಲ್ಲ. ಕೈಮುಗಿಯುವುದನ್ನು ಯಾರಾದರೂ ಪ್ರಯೋಗದ ವಿಧಾನದಲ್ಲಿ ಬರೆಯುತ್ತಾರೆಯೇ? ಏಲಕ್ಕಿ, ಲವಂಗ, ಪಚ್ಚಕರ್ಪೂರ ಎಂದು ನಾಲಿಗೆ ಒಳಗೊಳಗೇ ರುಚಿ ನೆನೆಯಿತು. ಎಲ್ಲೋ ಹೊಟ್ಟೆಯ ತಳದಿಂದ ನಗು ಹೊರಟಿತು. ಬೆಳಿಗ್ಗೆಯಿಂದ ಬರುತ್ತಿದ್ದ ನಗುವೇ, ಆದರೆ ಈಗ ಅದರ ಮುಖ ಬೇರೆ. ಸುಮ್ಮನಿರು, ಎಂದ ತನಗೆ ತಾನೇ. ಸುಮ್ಮನಿದ್ದರೆ ಡಾಕ್ಟರು. ಶೀಸೆ ಯಾರಿಗೂ ಗೊತ್ತಿಲ್ಲ. ಮಾನಸಾ ಕೈಗಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಳು. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಸರ್, ಮಾನಸಾದು ತಪ್ಪಲ್ಲ. ನನ್ನ ಮೊಟ್ಟೆಗಳಿಗೆ ನಾನು ಇನ್ನೊಂದು ಹಾಕಿದೀನಿ."

"ಇನ್ನೊಂದು ಏನು?"

"ತೀರ್ಥ."

ಪಾಪಯ್ಯ ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತುಬಿಟ್ಟ.

"ಯಾವ ತೀರ್ಥ?" ಎಂದ ಆತ್ರೇಯ. ವಿಜ್ಞಾನಿ ಕೇಳಬೇಕಾದ ಪ್ರಶ್ನೆ ಅದಲ್ಲವೆಂದು ಕೇಳಿದ ಮೇಲೆ ಅವನಿಗೇ ಗೊತ್ತಾಯಿತೆಂದು ಕಾಣುತ್ತದೆ, ಮುಖ ಕೆಂಪಾಯಿತು.

"ಮನೇದು. ಅಮ್ಮ ಪುಡಿ ಹಾಕ್ತಾರಲ್ಲ, ಅದು."

"ಅಂಬುಜಮ್ಮನೋರ ತೀರ್ಥಾನಾ?" ಆತ್ರೇಯನ ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಬೀದಿಯ ಹುಡುಗರೆಲ್ಲ ಎರಡೆರಡು ಸಲ ಕೈಯೊಡ್ಡುತ್ತಿದ್ದ ತೀರ್ಥ ಅದು. "ಯಾಕಪ್ಪಾ? ಯಾಕೆ ಹಾಕ್ದೆ?"

"ಸದ್ಗತಿ ಆಗ್ಲಿ ಅಂತ."

ಮಾನಸಾ ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡ ಸಂಪತ್ಕುಮಾರ. ತಿರುಗಿದಾಗ ಕಣ್ಣಲ್ಲಿ ನೀರಿತ್ತು ನಿಜ. "ಹಾಗಾದ್ರೆ ನಾನು ಮಾಡಿದ ಮೊಟ್ಟೆಗಳಿಗೆ ಮಾತ್ರ ಗತಿ ಇಲ್ವಾ ಸರ್?" ಎಂದಳು. ಅಷ್ಟು ಹೇಳುವುದರೊಳಗೆ ನಗು ನುಗ್ಗಿ ಬಂದು ಮೇಜು ಹಿಡಿದುಕೊಂಡಳು. ಸಂಪತ್ಕುಮಾರನೂ ನಕ್ಕ. ಬೆಳಿಗ್ಗೆಯಿಂದ ಕಟ್ಟಿಟ್ಟದ್ದೆಲ್ಲ ಒಡೆದುಹೋಯಿತು; ಹೊಟ್ಟೆ ಹಿಡಿದುಕೊಂಡು, ಸ್ಟೂಲಿನ ಮೇಲೆ ಕೂತು, ಕನ್ನಡಕ ತೆಗೆದು, ಮೂಗು ಒರೆಸಿಕೊಂಡು ನಕ್ಕ. ಪಾಪಯ್ಯನ ಲೋಟದಿಂದ ಕಾಫಿ ತುಳುಕಿತು. ಆತ್ರೇಯ ಒಬ್ಬನೇ ನಗಲಿಲ್ಲ.

"ಪಚ್ಚಕರ್ಪೂರ. ಲವಂಗ" ಎಂದು ಬೆರಳು ಮಡಿಸುತ್ತ ಹೋದ. "ನಾಲಿಗೆ ಮೇಲಿಟ್ರೆ ಸುರ್ ಅನ್ನೋ ಪದಾರ್ಥಗಳನ್ನ ಉಸಿರಿಗಿಂತ ತೆಳ್ಳಗಿರೋ ಪೊರೆ ಮೇಲೆ ಸುರೀತಿದೀಯ. ಒಂದು ವರ್ಷ. ತುಂಬೆ ಏನೂ ಮಾಡಿಲ್ಲ ಕಣಯ್ಯ. ತುಂಬೆ ಪಾಡಿಗೆ ತುಂಬೆ ಇತ್ತು. ಅವನ್ನ ನಿಲ್ಲಿಸಿರೋದು ನಿನ್ನ ತೀರ್ಥ."

ಇದನ್ನು ಕೇಳುವಾಗ ಸಂಪತ್ಕುಮಾರ ಇನ್ನೂ ನಗುತ್ತಲೇ ಇದ್ದ. ಆಮೇಲೆ ಆ ಮಾತು ಒಳಗಿಳಿಯಿತು. ಒಳ್ಳೆಯದಾಗಲಿ ಎಂದು ಹಾಕಿದ ಹನಿ. ಪ್ರತಿ ಮೊಟ್ಟೆಗೂ ತಪ್ಪದೆ, ನಾರಾಯಣ ಎಂದು, ಕೈ ನಡುಗದ ಹಾಗೆ ಹಿಡಿದು ಹಾಕಿದ ಹನಿ. ಕೊಲ್ಲುತ್ತದೆ ಎಂದುಕೊಂಡದ್ದು ಕೊಲ್ಲಲಿಲ್ಲ, ಕಾಯುತ್ತದೆ ಎಂದುಕೊಂಡದ್ದೇ ಕೊಂದಿತು. ಅದಿಲ್ಲದೆ ಅನಾಥವಾಗಿ ಬಿಟ್ಟವು ಪಕ್ಕದ ಟ್ರೇಯಲ್ಲಿ ಕಣ್ಣು ಬಿಡುತ್ತಿವೆ. ನಗು ಹೋಗಲಿಲ್ಲ, ಬಿಕ್ಕಳಿಕೆಗೆ ತಿರುಗಿತು. ಮಾನಸಾ ನೀರು ತಂದುಕೊಟ್ಟಳು.

ಆತ್ರೇಯ ಆಫೀಸಿಗೆ ಹೋಗಿ ದೆಹಲಿಗೆ ಫೋನ್ ಮಾಡಿ ಪೇಪರು ವಾಪಸ್ಸು ತೆಗೆದುಕೊಂಡು ಬಂದ. ಬಂದವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಹಿಂದಿನದ್ದೆಲ್ಲ ಕಸಕ್ಕೆ ಹಾಕು ಎಂದ. ಇವತ್ತು ತಂದಿರುವ ಮೊಟ್ಟೆಗಳಿಂದ ಮೊದಲು ಮಾಡಿ, ಮಾನಸಾ ಜೊತೆಗಿರಲಿ, ಏನೂ ಸೇರಿಸಬೇಡ, ಏನೂ ಅಂದರೆ ಏನೂ. ಬಿಟ್ಟ ಉಸಿರನ್ನೂ ಬರೆದಿಡು. ತೀರ್ಥದ ಪುಡಿಯಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಮ್ಮನನ್ನು ಕೇಳಿಕೊಂಡು ಬಾ, ಯಾಕೆ ಹೀಗಾಯಿತೆಂದು ನನಗೂ ತಿಳಿಯಬೇಕು. ಕಾರಿನ ಬಾಗಿಲು ತೆಗೆದವನು ಏನೋ ನೆನಪಾಗಿ ನಿಂತ. "ಸುಮ್ನಿದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ ಸಂಪತ್ತಣ್ಣ" ಎಂದ. ಅಂದದ್ದು ಅವನ ಗಮನಕ್ಕೇ ಬಂದಂತಿರಲಿಲ್ಲ. ಕಾರು ಗೇಟು ದಾಟಿ ಹೋಯಿತು.

ಮನೆಗೆ ನಡೆದುಕೊಂಡೇ ಬಂದ. ಐದು ವರ್ಷದ ಓದಿನಲ್ಲಿ ಒಂದು ವರ್ಷ ಪೂರ್ತಿ ಹೋಗಿತ್ತು, ಹೆಸರಿನ ಮುಂದೆ ಬರಬೇಕಿದ್ದದ್ದು ಮತ್ತೆಷ್ಟೋ ದೂರ ಹೋಗಿತ್ತು, ನಾಳೆ ಸ್ಟಾಫ್ ರೂಮಿನಲ್ಲಿ ಪಾಪಯ್ಯನ ಬಾಯಿಂದ ಈ ಕತೆ ಎಲ್ಲರಿಗೂ ಹಂಚಿಕೆಯಾಗಿರುತ್ತದೆ, ತೀರ್ಥ ಸಂಪತ್ ಎಂಬ ಹೆಸರು ರಿಟೈರಾಗುವವರೆಗೂ ಬಿಡುವುದಿಲ್ಲ. ಆದರೂ ಕಾಲುಗಳು ಹಗುರವಾಗಿ ಬೀಳುತ್ತಿದ್ದವು. ಇದೇನು ನಾಚಿಕೆಗೇಡು ಎಂದು ಬೈದುಕೊಂಡ. ಬೈದುಕೊಂಡರೂ ಕಾಲು ಕೇಳಲಿಲ್ಲ.

ಸ್ನಾನ ಮಾಡಿ, ಸಂಧ್ಯಾವಂದನೆ ಮುಗಿಸಿ ದೇವರ ಮುಂದೆ ಕೂತಾಗ ಅಂಬುಜಮ್ಮ ದೀಪ ಹಚ್ಚಿ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದಳು. ಬೆಳಗಿನ ಆರಾಧನೆಯ ತೀರ್ಥ ಬೆಳ್ಳಿ ಬಟ್ಟಲಲ್ಲಿ ಅರ್ಧ ಉಳಿದಿತ್ತು.

"ಅಮ್ಮಾ, ತೀರ್ಥದ ಪುಡೀಲಿ ಏನೇನು ಹಾಕ್ತೀಯ?"

"ಏಲಕ್ಕಿ, ಲವಂಗ, ಚೂರು ಜಾಕಾಯಿ. ಕೇಸರಿ ಇದ್ರೆ ಒಂದೆರಡು ಎಳೆ. ಪಚ್ಚಕರ್ಪೂರ. ಇಷ್ಟು ವರ್ಷ ಇಲ್ದೆ ಇವತ್ತೇನೋ?"

"ಪಚ್ಚಕರ್ಪೂರ ಎಷ್ಟು?"

ಅಂಬುಜ‌ಮ್ಮ ದೀಪದ ಬತ್ತಿಯನ್ನು ಸುಮ್ಮನೆ ಮುಂದಕ್ಕೆ ಎಳೆದಳು. "ಮುಂಚೆ ಸಾಸಿವೆ ಕಾಳಷ್ಟು ಹಾಕ್ತಿದ್ದೆ. ಈಗ ಒಂದು ವರ್ಷದಿಂದ ಇಷ್ಟು" ಎಂದು ಹೆಬ್ಬೆರಳು ತೋರುಬೆರಳು ಸೇರಿಸಿ ದೊಡ್ಡದೊಂದು ಚಿಟಿಕೆ ತೋರಿಸಿದಳು.

"ಯಾಕೆ ಜಾಸ್ತಿ ಮಾಡ್ದೆ?"

"ನೀನು ಮನೆಗೆ ಬಂದಾಗ ಮೊಟ್ಟೆ ವಾಸನೆ ಬರತ್ತೆ ಕಣೋ." ಆ ಪದವನ್ನು ಅವಳು ಎಷ್ಟು ಸರಾಗವಾಗಿ ಅಂದಳೆಂದರೆ ಪೆರುಮಾಳೂ ಬೆಚ್ಚಿಬೀಳಲಿಲ್ಲ. "ನನ್ನ ಸೀರೆ ತುಂಡು ತಗೊಂಡು ಹೋಗ್ತಿದ್ದೆಯಲ್ಲ, ಒಗೆಯೋಕೆ ಹಾಕ್ದಾಗ ಚಿಪ್ಪಿನ ಚೂರು ಅಂಟಿಕೊಂಡಿತ್ತು. ನಿನ್ನ ಓದು, ಬೇಡ ಅನ್ನೋಕಾಗತ್ತಾ? ಆ ಕೈಲೇ ಪೆರುಮಾಳ್ನ ಮುಟ್ತೀಯ, ಅದನ್ನೂ ಬೇಡ ಅನ್ನೋಕಾಗತ್ತಾ? ಒಂದು ಚಿಟಿಕೆ ಜಾಸ್ತಿ ಹಾಕ್ಬಿಟ್ರೆ ಎಲ್ಲಾ ಶುದ್ಧಿಯಾಗತ್ತೆ ಅಂತ ನಾನೇ ಹಾಕ್ದೆ." ಬೆಳ್ಳಿ ಬಟ್ಟಲ ಕಡೆ ನೋಡಿ, "ಶೀಸೇಲಿ ತುಂಬ್ಕೊಂಡು ಹೋಗ್ತೀಯಲ್ಲ, ಅದೂ ಗೊತ್ತು. ಆ ಮರಿಗಳಿಗೆ ತಾನೆ? ಒಳ್ಳೇದೇ ಮಾಡ್ದೆ ಬಿಡು" ಎಂದಳು.

ಸಂಪತ್ಕುಮಾರ ಅಮ್ಮನನ್ನೇ ನೋಡಿದ. ಒಂದು ವರ್ಷ ಅವನು ಅವಳ ಕಣ್ಣು ತಪ್ಪಿಸಿ ತೀರ್ಥ ಕದ್ದಿದ್ದ. ಒಂದು ವರ್ಷ ಅವಳು ಅವನ ಕಣ್ಣು ತಪ್ಪಿಸಿ ಕರ್ಪೂರ ಹಾಕಿದ್ದಳು. ತಾಯಿ ಮಗ ಸೇರಿ, ಒಬ್ಬರಿಗೊಬ್ಬರು ಹೇಳದೆ, ಎಷ್ಟು ಭಕ್ತಿಯಿಂದ ಆ ಕೆಲಸ ಮಾಡಿ ಮುಗಿಸಿದ್ದರು. ನಗು ಮತ್ತೆ ಬಂತು, ಈ ಸಲ ಕಣ್ಣಿನ ದಾರಿ ಹಿಡಿದು. ಯಾಕೆಂದು ತಿಳಿಯದೆ ಅವಳೂ ನಕ್ಕಳು. ಆತ್ರೇಯನಿಗೆ ಹೇಳಿದ್ದನ್ನು ಇವಳಿಗೆ ಹೇಳುವುದೇ? ಬಾಯಿ ತೆರೆದ. ಒಳ್ಳೆಯದೇ ಮಾಡಿದೆ ಎಂದು ನೆಮ್ಮದಿಯಾಗಿ ಗೋಡೆಗೊರಗಿದ ಆ ಮುಖ ನೋಡಿ, ಹೇಳಬಾರದೆಂದು ಖಚಿತವಾಯಿತು. ಬೆಳಿಗ್ಗೆಯಿಂದ ಅವನಿಗೆ ಖಚಿತವಾದದ್ದು ಅದೊಂದೇ.

"ನಾಳೆಯಿಂದ ಶೀಸೆ ಬೇಡಮ್ಮ."

"ಯಾಕೋ? ಮೊಟ್ಟೆ ಕೆಲಸ ಮುಗೀತಾ?"

"ಇಲ್ಲ. ಮೊದಲಿಂದ ಶುರು."

"ಮತ್ತೆ ಅವುಗಳ ಗತಿ?"

"ಅವುಗಳ ಪಾಪ ನನ್ನ ಮೇಲೇ ಇರ್ಲಿ ಬಿಡಮ್ಮ" ಎಂದ. "ಹಾಗೇ ಇಟ್ಕೋತೀನಿ. ತೊಳ್ಕೊಳ್ಳೋಕೆ ಹೋಗಲ್ಲ."

ಅಂಬುಜಮ್ಮನಿಗೆ ಅರ್ಥವಾಯಿತೋ ಇಲ್ಲವೋ, ಸೆರಗು ಸರಿಮಾಡಿಕೊಂಡು, ಬಲಗೈ ಮುಂದೆ ಚಾಚಿ ಅಂಗೈ ಗುಳಿ ಮಾಡಿದಳು. ಸಂಪತ್ಕುಮಾರ ಉದ್ಧರಣೆಯಲ್ಲಿ ತೀರ್ಥ ತೆಗೆದ. ಸುಕ್ಕುಬಿದ್ದ ಆ ಅಂಗೈಯಲ್ಲಿ, ತೆಳ್ಳನೆಯ ಚರ್ಮದ ಕೆಳಗೆ, ನೀಲಿ ನಾಳಗಳು ಕವಲೊಡೆದು ಬೆರಳುಗಳ ಕಡೆ ಹೊರಟಿದ್ದವು. ಕೈ ತಡೆಯಿತು. "ಹಾಕೋ" ಎಂದಳು ಅಮ್ಮ. ಹಾಕಿದ. ಅವಳು ಸೊರ್ ಎಂದು ಕುಡಿದು, ಒದ್ದೆ ಕೈಯನ್ನು ನೆತ್ತಿಗೆ ಸವರಿಕೊಂಡು, ಮುಖ ಕಿವಿಚಿ ಎರಡು ಸಲ ಕೆಮ್ಮಿದಳು.

"ಹಾಗಾದ್ರೆ ನಾಳೆಯಿಂದ ಕರ್ಪೂರ ಕಮ್ಮಿ ಹಾಕ್ಲೇನೋ?" ಎಂದಳು. "ಒಂದು ವರ್ಷದಿಂದ ಗಂಟಲು ಸುಡತ್ತೆ ಕಣೋ ನಂಗೆ."